ಬ್ರೈಲ್ ಜೊತೆಗೆ ಚಿಲ್ಲರೆ ಲೆಕ್ಕವೂ ಬೇಕು

ನಲವತ್ತು ರೂಪಾಯಿಯ ಸೇವಂತಿಗೆ ಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಣ್ಣಿರುವವರಿಗೆ ಅದು ಅರೆ ನಿಮಿಷದ ವ್ಯವಹಾರ. ಕಣ್ಣು ಕಾಣದ ಹದಿನಾಲ್ಕರ ಹುಡುಗಿಗೆ ಅದರೊಳಗೇ ಹಲವು ಸಣ್ಣ ಕೆಲಸಗಳಿವೆ. ಪರ್ಸಿನಲ್ಲಿ ನೂರರ ನೋಟು ಯಾವ ಮಡಿಕೆಯಲ್ಲಿದೆ ಎಂದು ಬೆರಳಿಗೆ ಗೊತ್ತಿರಬೇಕು. ಕೊಡುವಾಗ ‘ನೂರು ಕೊಡ್ತಾ ಇದೀನಿ’ ಎಂದು ಗಟ್ಟಿಯಾಗಿ ಹೇಳಬೇಕು. ಅರವತ್ತು ವಾಪಸ್ ಬರಬೇಕು ಎಂಬ ಲೆಕ್ಕ ಚಿಲ್ಲರೆ ಕೈಗೆ ಬರುವ ಮೊದಲೇ ತಲೆಯಲ್ಲಿ ಆಗಿರಬೇಕು. ಬಂದದ್ದರಲ್ಲಿ ಐವತ್ತು ಯಾವುದು, ಹತ್ತು ಯಾವುದು ಎಂದು ಕೇಳಿ ಒಂದೊಂದಾಗಿ ತೆಗೆದುಕೊಳ್ಳಬೇಕು. ಐವತ್ತನ್ನು ಉದ್ದಕ್ಕೆ ಮಡಿಸಿ, ಹತ್ತನ್ನು ಮಡಿಸದೆ ಹಾಗೇ ಇಡಬೇಕು. ಹಿಂದೆ ನಿಂತವರು ಅವಸರ ಮಾಡಿದರೂ ಗಾಬರಿಯಾಗಬಾರದು. ಇದರಲ್ಲಿ ಯಾವುದೂ ಆಗದ ಕೆಲಸವಲ್ಲ. ಕಲಿಸಿದರೆ ಕೆಲವು ತಿಂಗಳಲ್ಲಿ ರೂಢಿಯಾಗುತ್ತದೆ. ಕಲಿಸದಿದ್ದರೆ ನಲವತ್ತು ವರ್ಷವಾದರೂ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಬ್ರೈಲ್ ಕಲಿಸುವುದನ್ನು ಶಿಕ್ಷಣವೆಂದು ಒಪ್ಪಿರುವ ನಾವು ಚಿಲ್ಲರೆ ಎಣಿಸುವುದನ್ನು, ಅನ್ನಕ್ಕೆ ಇಡುವುದನ್ನು, ಒಬ್ಬರೇ ಬಸ್ ಹತ್ತುವುದನ್ನು ಇನ್ನೂ ಶಿಕ್ಷಣವೆಂದು ಒಪ್ಪಿಲ್ಲ. ಹದಿಹರೆಯದ ಅಂಧ ಮತ್ತು ಮಂದದೃಷ್ಟಿಯ ಮಕ್ಕಳಿಗೆ ಹಣದ ವ್ಯವಹಾರವನ್ನೂ ಸ್ವತಂತ್ರವಾಗಿ ಬದುಕುವ ಕೌಶಲವನ್ನೂ ವೇಳಾಪಟ್ಟಿಯೊಳಗಿನ ಪಾಠವಾಗಿಯೇ ಕಲಿಸಬೇಕು. ಆ ಕೆಲಸವನ್ನು ಶಿವಮೊಗ್ಗ ಮತ್ತು ಭದ್ರಾವತಿಯಿಂದಲೇ ಆರಂಭಿಸಬಹುದು ಎಂಬುದು ಇಲ್ಲಿನ ವಾದ.

ಕಣ್ಣಿರುವ ಮಕ್ಕಳಿಗೆ ಇದನ್ನೆಲ್ಲ ಯಾವ ಶಾಲೆ ಕಲಿಸಿತು ಎಂದು ಯಾರಾದರೂ ಕೇಳಬಹುದು. ಯಾವ ಶಾಲೆಯೂ ಕಲಿಸಲಿಲ್ಲ, ನಿಜ. ಅವರು ನೋಡಿ ಕಲಿತರು. ಅಮ್ಮನ ಸೆರಗು ಹಿಡಿದು ಅಂಗಡಿಗೆ ಹೋದ ಮೂರು ವರ್ಷದ ಮಗು, ಅಮ್ಮ ನೋಟು ಕೊಡುವುದನ್ನು, ಅಂಗಡಿಯವರು ಡ್ರಾಯರ್ ಎಳೆದು ಚಿಲ್ಲರೆ ಹಾಕುವುದನ್ನು, ಅಮ್ಮ ಅದನ್ನು ಎಣಿಸಿ ಪರ್ಸಿಗೆ ಇಳಿಸುವುದನ್ನು ಸಾವಿರ ಸಲ ನೋಡುತ್ತದೆ. ಕುಕ್ಕರಿಗೆ ನೀರು ಎಷ್ಟು ಎತ್ತರಕ್ಕೆ ಬರಬೇಕು, ಅಂಗಿಯ ಗುಂಡಿ ಯಾವ ಕಡೆಯಿಂದ ಹಾಕಬೇಕು, ಬಸ್ಸಿನಲ್ಲಿ ಕಂಡಕ್ಟರ್ ಕಡೆಗೆ ಕೈ ಹೇಗೆ ಚಾಚಬೇಕು ಎಂಬುದೆಲ್ಲ ಯಾರೂ ಕಲಿಸದೆ ಕಣ್ಣಿನ ಮೂಲಕ ಒಳಗಿಳಿಯುತ್ತದೆ. ಅದೇ ಅಂಗಡಿಯ ಮುಂದೆ ನಿಂತ ಅಂಧ ಮಗುವಿಗೆ ಕೇಳಿಸುವುದು ನಾಲ್ಕು ಮಾತು ಮತ್ತು ನಾಣ್ಯದ ಸದ್ದು ಮಾತ್ರ. ನಡುವೆ ಏನಾಯಿತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಇಬ್ಬರು ಮಕ್ಕಳ ನಡುವೆ ದೊಡ್ಡ ಅಂತರ ಬೆಳೆದಿರುತ್ತದೆ. ಬುದ್ಧಿಗೂ ಆ ಅಂತರಕ್ಕೂ ಸಂಬಂಧವಿಲ್ಲ. ಒಬ್ಬರಿಗೆ ದಿನವೂ ಪುಕ್ಕಟೆಯಾಗಿ ಸಿಕ್ಕ ಪಾಠ ಇನ್ನೊಬ್ಬರಿಗೆ ಸಿಗಲಿಲ್ಲ, ಅಷ್ಟೇ. ಕಣ್ಣಿನಿಂದ ಬಾರದ ಪಾಠವನ್ನು ಕೈ ಹಿಡಿದು, ಬಾಯಲ್ಲಿ ಹೇಳಿ ಕಲಿಸುವ ಹೊಣೆಯನ್ನು ಯಾರೋ ಒಬ್ಬರು ಹೊರಲೇಬೇಕು. ಅದನ್ನು ಮನೆಯವರ ತಿಳಿವಳಿಕೆಗೋ ಒಬ್ಬ ಶಿಕ್ಷಕರ ಒಳ್ಳೆಯ ಮನಸ್ಸಿಗೋ ಬಿಟ್ಟರೆ ಅದೃಷ್ಟವಿದ್ದ ಮಗುವಿಗೆ ಸಿಗುತ್ತದೆ, ಉಳಿದವರಿಗೆ ತಪ್ಪುತ್ತದೆ.

ನಮ್ಮ ಹಣವೇ ಬೆರಳಿಗೆ ಅಷ್ಟು ಸುಲಭವಾಗಿ ಒಗ್ಗುವಂಥದಲ್ಲ ಎಂಬುದನ್ನೂ ಗಮನಿಸಬೇಕು. 2016ಕ್ಕೂ ಮೊದಲಿನ ಮಹಾತ್ಮ ಗಾಂಧಿ ಸರಣಿಯಲ್ಲಿ ನೂರರ ನೋಟು 157 ಮಿಲಿಮೀಟರ್ ಉದ್ದವಿತ್ತು, ಐನೂರರ ನೋಟು 167. ಹತ್ತು ಮಿಲಿಮೀಟರ್ ವ್ಯತ್ಯಾಸವನ್ನು ಅಭ್ಯಾಸವಾದ ಬೆರಳು ಥಟ್ಟನೆ ಹಿಡಿಯುತ್ತಿತ್ತು. ಹೊಸ ಸರಣಿಯಲ್ಲಿ ನೂರರ ನೋಟು 142 ಮಿಲಿಮೀಟರ್, ಇನ್ನೂರರದ್ದು 146, ಐನೂರರದ್ದು 150. ಒಂದರಿಂದ ಇನ್ನೊಂದಕ್ಕೆ ಬರೀ ನಾಲ್ಕು ಮಿಲಿಮೀಟರ್. ಈ ಮೂರರ ಅಗಲವೂ ಒಂದೇ, 66 ಮಿಲಿಮೀಟರ್. ಹಳೆಯ ನೂರರ ನೋಟು ಇನ್ನೂ ಚಲಾವಣೆಯಲ್ಲಿರುವುದರಿಂದ, ಅದು ಹೊಸ ಐನೂರಕ್ಕಿಂತ ದೊಡ್ಡದಾಗಿ ಕೈಗೆ ಸಿಗುತ್ತದೆ. ‘ದೊಡ್ಡ ನೋಟು ಎಂದರೆ ಹೆಚ್ಚು ಬೆಲೆ’ ಎಂಬ ಸರಳ ನಿಯಮವನ್ನೇ ನಂಬಿದ ಹುಡುಗ ಇಲ್ಲಿ ಮೋಸಹೋಗುತ್ತಾನೆ. ಗುರುತಿಗೆಂದು ನೂರರ ಮೇಲೆ ತ್ರಿಕೋನ, ಐನೂರರ ಮೇಲೆ ವೃತ್ತ ಉಬ್ಬಾಗಿ ಮುದ್ರಣವಾಗಿರುತ್ತದೆ. ಅಂಚಿನಲ್ಲಿ ನೂರಕ್ಕೆ ನಾಲ್ಕು, ಐನೂರಕ್ಕೆ ಐದು ಓರೆ ಗೆರೆಗಳಿರುತ್ತವೆ. ಆದರೆ ಸಂತೆ, ಬಸ್ಸು ಸುತ್ತಿ ಮೆತ್ತಗಾದ ನೋಟಿನಲ್ಲಿ ಈ ಉಬ್ಬು ಸವೆದಿರುತ್ತದೆ. ನಾಣ್ಯಗಳ ವಿಷಯದಲ್ಲಿ 2019ರ ಮಾರ್ಚ್‌ನಲ್ಲಿ ಒಳ್ಳೆಯ ಹೆಜ್ಜೆಯೊಂದು ಬಂತು. ಅಂಧರನ್ನು ಗಮನದಲ್ಲಿಟ್ಟುಕೊಂಡ ಹೊಸ ಸರಣಿಯಲ್ಲಿ ಬೆಲೆ ಏರಿದಂತೆ ತೂಕ ಏರುತ್ತದೆ, ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಅಂಚುಗಳಿವೆ. ಆದರೂ ಹಳೆಯ ನಾಣ್ಯಗಳು ಅದೇ ಜೇಬಿನಲ್ಲಿ ಬೆರೆತಿರುತ್ತವೆ. ನೋಟಿನ ವಿನ್ಯಾಸ ಸುಧಾರಿಸಬೇಕೆಂದು ಒತ್ತಾಯಿಸುತ್ತಲೇ ಇರೋಣ. ಅಲ್ಲಿಯವರೆಗೆ ಈಗಿರುವ ನೋಟನ್ನೇ ಅಳೆದು, ಮಡಿಸಿ, ಜೋಡಿಸಿಡುವ ವಿದ್ಯೆಯನ್ನು ಕಲಿಸದೆ ಬೇರೆ ದಾರಿಯಿಲ್ಲ. ಎರಡು ಬೆರಳ ನಡುವೆ ನೋಟಿನ ತುದಿ ಎಲ್ಲಿಗೆ ಬರುತ್ತದೆ ಎಂದು ಅಳೆಯುವುದು, ಒಂದೊಂದು ಬೆಲೆಗೆ ಒಂದೊಂದು ಮಡಿಕೆ, ಒಂದೊಂದು ಖಾನೆ ಎಂದು ನಿಗದಿ ಮಾಡಿಕೊಳ್ಳುವುದು ಒಂದು ದಿನದ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ದಿನವೂ ಮಾಡಿ ಮಾಡಿ ಕೈಗೆ ಹತ್ತಬೇಕು.

ನೋಟು ಗುರುತಿಸುವುದು ಮೊದಲ ಮೆಟ್ಟಿಲು. ಲೆಕ್ಕ ಎರಡನೆಯದು. ಇಲ್ಲಿ ನಮ್ಮ ಪರೀಕ್ಷಾ ಪದ್ಧತಿಯ ಒಂದು ರಿಯಾಯಿತಿಯನ್ನು ಮತ್ತೊಮ್ಮೆ ಯೋಚಿಸಬೇಕಾಗಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಗಣಿತದ ಜೊತೆಗೇ ಸಮಾಜಶಾಸ್ತ್ರ ಎಂದೂ, ವಿಜ್ಞಾನದ ಜೊತೆಗೇ ರಾಜ್ಯಶಾಸ್ತ್ರ, ಸಂಗೀತ ಎಂದೂ ಅಚ್ಚಾಗಿರುವುದನ್ನು ಹಲವರು ನೋಡಿರಬಹುದು. ವಿಶೇಷ ಅಗತ್ಯವುಳ್ಳ ಮಕ್ಕಳು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ಬರೆಯಲು ಇರುವ ಅವಕಾಶ ಅದು. ರೇಖಾಗಣಿತದ ಚಿತ್ರಗಳು ಬ್ರೈಲ್‌ನಲ್ಲಿ ಸಿಗದ, ಗಣಿತ ಕಲಿಸಬಲ್ಲ ವಿಶೇಷ ಶಿಕ್ಷಕರು ಕಡಿಮೆಯಿರುವ ಸ್ಥಿತಿಯಲ್ಲಿ ಈ ರಿಯಾಯಿತಿಯಿಂದ ಅನೇಕ ಮಕ್ಕಳು ಹತ್ತನೇ ತರಗತಿ ದಾಟಿದ್ದಾರೆ. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಗಣಿತದಿಂದ ಬಿಡುಗಡೆ ಪಡೆದ ಮಗು ಶೇಕಡಾವಾರು, ಬಡ್ಡಿ, ಲಾಭ-ನಷ್ಟದ ಪಾಠದಿಂದಲೂ ಬಿಡುಗಡೆಯಾಗಿಬಿಡುವ ಅಪಾಯವಿದೆ. ಪೈಥಾಗೊರಸನ ಪ್ರಮೇಯ ಬಾರದಿದ್ದರೂ ಜೀವನ ಸಾಗುತ್ತದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ಎಂಬುದು ತಿಳಿಯದಿದ್ದರೆ ಸಾಲಗಾರನ ಜೀವನ ಸಾಗುವುದು ಕಷ್ಟ. ಗಣಿತಕ್ಕೆ ಬದಲಿ ವಿಷಯ ಆರಿಸಿಕೊಂಡ ಪ್ರತಿ ಮಗುವಿಗೂ ವ್ಯವಹಾರದ ಲೆಕ್ಕವನ್ನು ಕಡ್ಡಾಯವಾಗಿ ಕಲಿಸಬೇಕು. ಅದಕ್ಕೆ ಬೇಕಾದ ಸಾಧನಗಳು ಹಳೆಯವು, ಅಗ್ಗದವು: ಬೆರಳಿನಿಂದ ಮುಟ್ಟಿ ಲೆಕ್ಕ ಮಾಡುವ ಟೇಲರ್ ಫ್ರೇಮ್, ಅಬಾಕಸ್, ಮಾತನಾಡುವ ಕ್ಯಾಲ್ಕುಲೇಟರ್.

ಕಾನೂನು ನಮಗಿಂತ ಮುಂದೆ ಹೋಗಿ ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಆಸ್ತಿ ಹೊಂದುವ, ತಮ್ಮ ಹಣಕಾಸನ್ನು ತಾವೇ ನಿರ್ವಹಿಸುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಅಂಗವಿಕಲರಿಗೂ ಇತರರಷ್ಟೇ ಇದೆ ಎಂದು ಹೇಳುತ್ತದೆ. ಅದಕ್ಕೂ ಮೊದಲೇ, 2008ರ ಜೂನ್‌ನಲ್ಲಿ, ಅಂಧ ಗ್ರಾಹಕರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಯಾವುದನ್ನೂ ಭೇದ ಮಾಡಿ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ಬ್ಯಾಂಕು ಹಾಕಿದ ಮಿತಿಯೊಳಗೆ ತಾವೇ ನಡೆಸಬಹುದು ಎಂದು 2014ರಲ್ಲಿ ಹೇಳಿದ ಅದೇ ರಿಸರ್ವ್ ಬ್ಯಾಂಕ್, 2025ರಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಹಕ್ಕಿಗೆ ಕೊರತೆಯಿಲ್ಲ, ಅದನ್ನು ಬಳಸುವ ತಯಾರಿಗೆ ಕೊರತೆ. ಒಂದು ಸಹಿಯ ವಿಷಯವನ್ನೇ ನೋಡಿ. ಬ್ರೈಲ್‌ನಲ್ಲಿ ಕಲಿತ ಮಗು ಪೆನ್ನು ಹಿಡಿದು ಬರೆದಿರುವುದಿಲ್ಲ. ಬ್ಯಾಂಕಿನಲ್ಲಿ ಪ್ರತಿ ಸಲವೂ ಒಂದೇ ರೀತಿಯ ಸಹಿ ಬೇಕು. ಅದು ಬಾರದಿದ್ದರೆ ಹೆಬ್ಬೆಟ್ಟು. ಹೆಬ್ಬೆಟ್ಟು ಎಂದ ಕೂಡಲೇ ಸಾಕ್ಷಿ, ವಿಚಾರಣೆ, ಅನುಮಾನ, ತಡ. ಇದಕ್ಕೆ ಪರಿಹಾರ ಒಂದು ರಟ್ಟಿನ ತುಂಡು. ರಟ್ಟಿನ ನಡುವೆ ಬೆರಳಗಲದ ಉದ್ದನೆಯ ಕಿಂಡಿ ಕತ್ತರಿಸಿ, ಅದನ್ನು ಕಾಗದದ ಮೇಲಿಟ್ಟು, ಕಿಂಡಿಯ ಅಂಚುಗಳನ್ನೇ ಗೆರೆಯಾಗಿ ಭಾವಿಸಿ ಬರೆಯುವುದು. ಹದಿಮೂರರಲ್ಲಿ ದಿನಕ್ಕೆ ಹತ್ತು ಸಲ ಹೀಗೆ ಬರೆಸಿದರೆ ಹದಿನೆಂಟರಲ್ಲಿ ಬ್ಯಾಂಕಿನ ಕೌಂಟರ್ ಮುಂದೆ ತಲೆ ತಗ್ಗಿಸುವ ಪ್ರಮೇಯ ಬರುವುದಿಲ್ಲ. ರಟ್ಟಿಗೆ ಖರ್ಚಿಲ್ಲ, ಬೇಕಿರುವುದು ಅದಕ್ಕೊಂದು ಪೀರಿಯಡ್.

ಹಣದ ಪಾಠ ಒಂಟಿಯಾಗಿ ನಿಲ್ಲುವುದಿಲ್ಲ. ಕೋಲು ಹಿಡಿದು ಅಂಗಡಿಯವರೆಗೆ ನಡೆಯಲು ಬಾರದವರಿಗೆ ನೋಟು ಗುರುತಿಸಲು ಬಂದರೂ ಉಪಯೋಗವಿಲ್ಲ. ತರಕಾರಿ ಹೆಚ್ಚಲು ಬಾರದವರಿಗೆ ತರಕಾರಿಯ ಬೆಲೆ ಗೊತ್ತಾಗುವುದಿಲ್ಲ. ಆದ್ದರಿಂದಲೇ ಅಮೆರಿಕದ ಶಿಕ್ಷಣತಜ್ಞ ಫಿಲ್ ಹ್ಯಾಟ್ಲೆನ್ 1996ರಲ್ಲಿ, ಅಂಧ ಮಕ್ಕಳಿಗೆ ಎಲ್ಲ ಮಕ್ಕಳ ಪಠ್ಯದ ಜೊತೆಗೆ ಇನ್ನೊಂದು ಪಠ್ಯವೂ ಬೇಕು ಎಂದು ವಾದಿಸಿದರು. ಓಡಾಟ, ಸ್ವತಂತ್ರ ಬದುಕು, ಸಾಮಾಜಿಕ ನಡವಳಿಕೆ, ಉದ್ಯೋಗದ ತಯಾರಿ ಅದರ ಭಾಗಗಳು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಕೂಡ ಬ್ರೈಲ್‌ನ ಜೊತೆಗೆ ಓಡಾಟದ ಕೌಶಲವನ್ನೂ ಬದುಕಿನ ಕೌಶಲವನ್ನೂ ಶಿಕ್ಷಣದೊಳಗೇ ಸೇರಿಸುತ್ತದೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ದೃಷ್ಟಿದೋಷವುಳ್ಳ ಯುವತಿಯರಿಗೆ ಸ್ವತಂತ್ರ ಬದುಕಿನ ಕೌಶಲಗಳ ತರಬೇತಿ ನೀಡುತ್ತ ಬಂದಿದೆ. ಅಡುಗೆಮನೆಯಲ್ಲಿ ಅಂಥ ತರಬೇತಿ ಎಂದರೆ ಏನು ಎಂದು ತಿಳಿಯಲು ಒಂದು ಒಗ್ಗರಣೆ ಸಾಕು. ಬರ್ನರ್ ತಣ್ಣಗಿರುವಾಗಲೇ ಬಾಣಲೆಯನ್ನು ನಡುವೆ ಕೂರಿಸಿ, ಆಮೇಲೆ ಗ್ಯಾಸ್ ಹಚ್ಚುವುದು; ಉರಿಯ ಸದ್ದಿನಿಂದ ದೊಡ್ಡದೋ ಸಣ್ಣದೋ ತಿಳಿಯುವುದು; ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುವುದು; ಸಾಸಿವೆಯ ಚಟಪಟ ನಿಲ್ಲುವ ಹೊತ್ತಿಗೆ ಕರಿಬೇವು ಹಾಕಿ ಕೈ ಹಿಂದೆಳೆಯುವುದು. ಕಣ್ಣಿರುವ ಅಡುಗೆಯವರೂ ಅರ್ಧ ಕೆಲಸವನ್ನು ಕಿವಿ ಮತ್ತು ಮೂಗಿನಿಂದಲೇ ಮಾಡುತ್ತಾರೆ. ಮಂದದೃಷ್ಟಿಯ ಮಕ್ಕಳಿಗಾದರೆ ಬಿಳಿ ಅನ್ನಕ್ಕೆ ಗಾಢ ಬಣ್ಣದ ತಟ್ಟೆ ಕೊಡುವಂಥ ಸಣ್ಣ ಬದಲಾವಣೆಯೇ ದೊಡ್ಡ ನೆರವು.

ಇದಕ್ಕೆ ಮೊದಲ ಆಕ್ಷೇಪ ಮನೆಯೊಳಗಿಂದಲೇ ಬರುತ್ತದೆ. ‘ನಾವಿರೋ ತನಕ ನೋಡ್ಕೊತೀವಿ, ಅವಳಿಗ್ಯಾಕೆ ಈ ಕಷ್ಟ’ ಎಂಬ ಮಾತಿನಲ್ಲಿರುವುದು ಪ್ರೀತಿ. ಆದರೆ ಆ ಮಾತಿನಲ್ಲೇ ‘ತನಕ’ ಎಂಬ ಪದವೂ ಇದೆ. ತನಕ ಮುಗಿದ ಮೇಲೆ ಏನು? ಭದ್ರಾವತಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಕಾಗದ ಕಾರ್ಖಾನೆ ಎರಡೂ ಶಾಶ್ವತವೆಂದು ನಂಬಿ ಎರಡು ಮೂರು ತಲೆಮಾರು ಬದುಕಿದ ಊರದು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ಭವಿಷ್ಯ ತೂಗಾಡುತ್ತಲೇ ಇದೆ. ಅಪ್ಪನ ಸಂಬಳವೂ ಕ್ವಾರ್ಟರ್ಸೂ ಶಾಶ್ವತವಲ್ಲವೆಂದು ಕಂಡುಕೊಂಡ ಊರಿನಲ್ಲಿ, ಮಗಳ ಭದ್ರತೆಯನ್ನು ಇನ್ನೊಬ್ಬರ ಆಸರೆಯ ಮೇಲಷ್ಟೇ ಕಟ್ಟುವುದು ಸರಿಯಲ್ಲ. ಸ್ವತಂತ್ರ ಬದುಕು ಎಂದರೆ ಮನೆ ಬಿಟ್ಟು ಒಂಟಿಯಾಗಿರುವುದು, ಅದು ಪಶ್ಚಿಮದ ಕಲ್ಪನೆ ಎಂಬ ಮಾತೂ ಕೇಳಿಬರುತ್ತದೆ. ಸ್ವಾವಲಂಬನೆ ನಮಗೆ ಹೊರಗಿನದಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅದನ್ನೇ ವೃತ್ತಿಯಾಗಿಸಿಕೊಂಡು ತಮ್ಮ ಕಾಲ ಮೇಲೆ ನಿಂತವರು ನಾಡಿನ ತುಂಬ ಇದ್ದಾರೆ. ಆ ಪರಂಪರೆಯನ್ನು ಸಂಗೀತದಾಚೆಗೆ, ಎಲ್ಲ ಮಕ್ಕಳಿಗೂ ವಿಸ್ತರಿಸುವುದು ನಮ್ಮ ಪಾಲಿನ ಕೆಲಸ. ಕೂಡು ಕುಟುಂಬದೊಳಗೇ ಇದ್ದರೂ ತನ್ನ ಮಾಸಾಶನ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ತಿಳಿದವಳಿಗೂ ಯಾರೋ ಕೊಟ್ಟದ್ದನ್ನು ತಿನ್ನುವವಳಿಗೂ ಮನೆಯಲ್ಲಿ ಸಿಗುವ ಸ್ಥಾನ ಒಂದೇ ಆಗಿರುವುದಿಲ್ಲ.

ಎರಡನೆಯ ಆಕ್ಷೇಪ ಅಪಾಯದ್ದು. ಬೆಂಕಿ, ಚಾಕು, ಬಿ.ಎಚ್. ರಸ್ತೆಯ ವಾಹನಗಳು, ಮೋಸಮಾಡುವ ಜನ. ಅಪಾಯ ಇರುವುದು ನಿಜ. ಪಾದಚಾರಿ ಮಾರ್ಗದ ಮೇಲೆ ಬೈಕು ನಿಲ್ಲಿಸಿದ ಊರಿನಲ್ಲಿ ಕೋಲು ಹಿಡಿದು ನಡೆಯುವುದು ಸುಲಭವಲ್ಲ. ಅದನ್ನು ಸರಿಪಡಿಸುವುದು ಪಾಲಿಕೆಯ ಕೆಲಸ, ನಾಗರಿಕರ ಕೆಲಸ. ಆದರೆ ಕಲಿಸದೆ ಇರುವುದರಿಂದ ಅಪಾಯ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಹದಿನಾಲ್ಕರಲ್ಲಿ ಶಿಕ್ಷಕರು ಪಕ್ಕದಲ್ಲಿರುವಾಗ ಇಪ್ಪತ್ತು ರೂಪಾಯಿ ಕಳೆದುಕೊಂಡ ಹುಡುಗ ಒಂದು ಪಾಠ ಕಲಿಯುತ್ತಾನೆ. ಮೂವತ್ತರಲ್ಲಿ ಮೊದಲ ಸಲ ಹಣ ಮುಟ್ಟಿದವನು ಕಳೆದುಕೊಳ್ಳುವುದು ವರ್ಷದ ಉಳಿತಾಯವನ್ನು. ಮೋಸದ ವಿಷಯದಲ್ಲಂತೂ ತಿಳಿವಳಿಕೆಯೇ ಮೊದಲ ಕಾವಲು. ಒಟಿಪಿಯನ್ನು, ಪಿನ್ ಸಂಖ್ಯೆಯನ್ನು ಯಾರಿಗೂ ಹೇಳಬಾರದು ಎಂಬುದನ್ನೂ, ಮೋಸವಾದ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದನ್ನೂ ಕಣ್ಣಿರುವ ಮಕ್ಕಳಿಗಿಂತ ಮೊದಲು ಈ ಮಕ್ಕಳಿಗೆ ಹೇಳಬೇಕು. ಏಕೆಂದರೆ ಪಿನ್ ಒತ್ತಲು ಇನ್ನೊಬ್ಬರ ಸಹಾಯ ಪಡೆಯುವ ಅಭ್ಯಾಸವನ್ನು ನಾವೇ ಅವರಿಗೆ ಮಾಡಿಸಿರುತ್ತೇವೆ.

ಈಗ ಮೊಬೈಲ್ ಎಲ್ಲವನ್ನೂ ಮಾಡುತ್ತದಲ್ಲ, ನೋಟು ಮುಟ್ಟುವುದೇಕೆ ಎಂಬುದು ಮೂರನೆಯ ಪ್ರಶ್ನೆ. ತಂತ್ರಜ್ಞಾನ ದೊಡ್ಡ ನೆರವು ಎಂಬುದರಲ್ಲಿ ಸಂದೇಹವಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ತಂದ ‘ಮಣಿ’ ಆ್ಯಪ್ ಕ್ಯಾಮೆರಾ ಮುಂದೆ ಹಿಡಿದ ನೋಟಿನ ಬೆಲೆಯನ್ನು ಇಂಟರ್ನೆಟ್ ಇಲ್ಲದೆಯೂ ಹೇಳುತ್ತದೆ. ನೋಟು ಅಸಲಿಯೇ ಎಂದು ಮಾತ್ರ ಹೇಳುವುದಿಲ್ಲ. ಪರದೆ ಓದುವ ತಂತ್ರಾಂಶದೊಂದಿಗೆ ಯುಪಿಐ ಬಳಸುವ ಅಂಧರಿಗೆ ಚಿಲ್ಲರೆಯ ತಲೆಬಿಸಿಯೇ ಇಲ್ಲ. ಸಾದಾ ಫೋನಿನಲ್ಲೂ ಹಣ ಕಳುಹಿಸಲು 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂದಿದೆ. ಆದರೆ ಖಾತೆ ತೆರೆಯುವ ಡಿಜಿಟಲ್ ಪರಿಶೀಲನೆಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮವೇ ಅಂಧರನ್ನು ಹೊರಗಿಟ್ಟಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ ಎಂದು ಸಾರಿ, ಈ ಪದ್ಧತಿಗೆ ಪರ್ಯಾಯ ಕಲ್ಪಿಸಲು ಆದೇಶಿಸಬೇಕಾಯಿತು. ಸಾಧನ ಬದಲಾಗುತ್ತದೆ, ಬ್ಯಾಟರಿ ಮುಗಿಯುತ್ತದೆ, ಸಿಗ್ನಲ್ ಹೋಗುತ್ತದೆ. ಆಗ ಉಳಿಯುವುದು ಕೈಯ ರೂಢಿ, ತಲೆಯ ಲೆಕ್ಕ. ಅಷ್ಟಕ್ಕೂ ಫೋನು ಖಾತೆಯಲ್ಲಿ ಎಷ್ಟು ಹಣವಿದೆ ಎಂದು ಹೇಳಬಹುದು. ಅದರಲ್ಲಿ ಎಷ್ಟು ಖರ್ಚು ಮಾಡಬೇಕು, ಎಷ್ಟು ಉಳಿಸಬೇಕು ಎಂಬ ವಿವೇಕ ಕಲಿಕೆಯಿಂದಲೇ ಬರಬೇಕು.

ಕೊನೆಯ ಆಕ್ಷೇಪ ಆಡಳಿತದ್ದು: ಸಮಯವಿಲ್ಲ, ಶಿಕ್ಷಕರಿಲ್ಲ, ಇಂಥ ಮಕ್ಕಳೂ ಕಡಿಮೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ದೃಷ್ಟಿದೋಷ ಇರುವವರು ಸುಮಾರು 2.64 ಲಕ್ಷ. ಅವರಲ್ಲಿ ಹದಿಹರೆಯದವರನ್ನು ತಾಲ್ಲೂಕುವಾರು ಹಂಚಿದರೆ ಒಂದು ಶಾಲೆಯಲ್ಲಿ ಒಬ್ಬರು ಇದ್ದರೆ ಹೆಚ್ಚು. ಪ್ರತಿ ಶಾಲೆಯೂ ಪ್ರತ್ಯೇಕ ಶಿಕ್ಷಕರನ್ನು ಇಡಲಾರದು, ಒಪ್ಪೋಣ. ಆದ್ದರಿಂದಲೇ ಇದನ್ನು ಜಿಲ್ಲೆಯ ಮಟ್ಟದಲ್ಲಿ ಕೂಡಿಸಿ ಮಾಡಬೇಕು. ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ, ಭದ್ರಾವತಿಯ ನ್ಯೂಟೌನ್‌ನಲ್ಲಿ ಸಿದ್ಧಾರ್ಥ ಅಂಧರ ಕೇಂದ್ರವಿದೆ. ಎರಡೂ ಊರುಗಳ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರಿನ ದಾರಿ; ಅಂಧರಿಗೆ ಸಾರಿಗೆ ನಿಗಮದ ಉಚಿತ ಪಾಸು ಇದೆ. ಸಾಮಾನ್ಯ ಶಾಲೆಗಳಲ್ಲಿ ಓದುವ ಅಂಧ ಮಕ್ಕಳನ್ನು ತಿಂಗಳಿಗೆ ಎರಡು ಶನಿವಾರ, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಒಂದೊಂದು ವಾರ ಇಂಥ ಕೇಂದ್ರಗಳಲ್ಲಿ ಸೇರಿಸಿ ಕಲಿಸುವುದು ಅಸಾಧ್ಯವೇನಲ್ಲ. ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರು ಮಗು ಕಲಿತದ್ದನ್ನು ಶಾಲೆಯಲ್ಲಿ ಮುಂದುವರಿಸಬಹುದು; ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಯವರೊಂದಿಗೆ ಮಾತಾಡಬಹುದು. ಆರ್ಥಿಕ ಸಾಕ್ಷರತಾ ಸಪ್ತಾಹವನ್ನು ಪ್ರತಿ ವರ್ಷ ಆಚರಿಸುವ ಬ್ಯಾಂಕುಗಳು ಒಂದು ದಿನ ಈ ಮಕ್ಕಳನ್ನು ಶಾಖೆಗೆ ಕರೆದು ಖಾತೆ ತೆರೆಸಿ, ಎಟಿಎಂ ಕೀಲಿಗಳ ಮೇಲಿನ ಬ್ರೈಲ್ ಚುಕ್ಕೆಗಳನ್ನು ಮುಟ್ಟಿಸಿ ತೋರಿಸಬಹುದು. 2014ರ ಜುಲೈ ನಂತರ ಹಾಕುವ ಪ್ರತಿ ಎಟಿಎಂ ಮಾತನಾಡಬೇಕು, ಬ್ರೈಲ್ ಕೀಲಿ ಹೊಂದಿರಬೇಕು ಎಂಬ ನಿಯಮ ಇದೆ. ಹೆಡ್‌ಫೋನ್ ಎಲ್ಲಿ ಸಿಕ್ಕಿಸಬೇಕೆಂದು ತೋರಿಸುವವರು ಬೇಕು. ದುಡ್ಡಿನ ಮಾತಿಗೆ ಬಂದರೆ, ಸ್ಥಳೀಯ ಸಂಸ್ಥೆಗಳು ಸ್ವಂತ ಅನುದಾನದ ಶೇಕಡ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಶಿವಮೊಗ್ಗ ಮಹಾನಗರ ಪಾಲಿಕೆ ಮತ್ತು ಭದ್ರಾವತಿ ನಗರಸಭೆ ಅದರಲ್ಲಿ ಒಂದು ಪಾಲನ್ನು ಸಾಧನ ಹಂಚುವುದರ ಜೊತೆಗೆ ಕಲಿಸುವುದಕ್ಕೂ ಇಟ್ಟರೆ ಈ ಕೆಲಸಕ್ಕೆ ಚಾಲನೆ ಸಿಗುತ್ತದೆ. ಮೌಲ್ಯಮಾಪನವೂ ಇರಲಿ. ಬರವಣಿಗೆಯ ಪರೀಕ್ಷೆ ಬೇಡ. ಪಟ್ಟಿ ಕೊಟ್ಟು ಅಂಗಡಿಗೆ ಕಳುಹಿಸಿ, ಸಾಮಾನು ಮತ್ತು ಚಿಲ್ಲರೆ ಸರಿಯಾಗಿ ಬಂತೇ ಎಂದು ನೋಡಿದರೆ ಸಾಕು.

ಸರ್ಕಾರ ಸುತ್ತೋಲೆ ಹೊರಡಿಸುವವರೆಗೆ ಕಾಯಬೇಕಾದ ಕೆಲಸವೂ ಇದಲ್ಲ. ಮನೆಯಲ್ಲಿ ಕಣ್ಣು ಕಾಣದ ಮಗುವಿದ್ದರೆ ಈ ವಾರದಿಂದಲೇ ಅದರ ಕೈಗೆ ಹತ್ತಿಪ್ಪತ್ತು ರೂಪಾಯಿ ಕೊಡಿ, ಅದರ ಹೆಸರಿನಲ್ಲೇ ಒಂದು ಪರ್ಸು ಇರಲಿ; ಅಂಗಡಿಗೆ ಹೋದಾಗ ನೀವು ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳಿ. ಅಂಗಡಿಯವರಲ್ಲಿಯೂ ಒಂದು ಕೋರಿಕೆ. ಅಂಥ ಗಿರಾಕಿ ಬಂದಾಗ ಜೊತೆಗಿರುವವರ ಮುಖ ನೋಡಿ ‘ಅವರಿಗೆ ಏನು ಬೇಕಂತೆ’ ಎಂದು ಕೇಳಬೇಡಿ. ಅವರನ್ನೇ ಕೇಳಿ. ಚಿಲ್ಲರೆಯನ್ನು ಅವರ ಕೈಗೇ, ಒಂದೊಂದು ನೋಟಿನ ಬೆಲೆ ಹೇಳಿ ಕೊಡಿ. ಅವರು ಎಣಿಸಿ ಮುಗಿಸುವವರೆಗೆ ಒಂದು ನಿಮಿಷ ಕಾಯಿರಿ.